ಹನ್ನೆರಡನೆಯ ಸೂಜಿ

ಯಾರೋ ಕುರ್ಚಿ ಎಳೆದರು, ಹಲ್ಲು ಜುಮ್ಮೆಂದಿತು, ಕಬ್ಬಿಣದ ಕುರ್ಚಿಗಳ ಕಾಲಿಗೆ ರಬ್ಬರ್ ಹಾಕಿಸಿ ಅಂತ ಎಷ್ಟು ಸಲ ಬಡಕೊಂಡೆ, ಕೇಳುವವರು ಯಾರು — ಮುಂದಿನ ಸಾಲಿನಲ್ಲಿ ಸನ್ಮಾನಕ್ಕೆ ಬಂದ ಐದು ಜನ ಮಾಜಿ ಸೈನಿಕರು, ಮೇಜಿನ ಮೇಲೆ ರಿಬ್ಬನ್ ಕಟ್ಟಿದ ಐದು ಕೌದಿ, ಮೂರನೆಯದು ನಾನು ಹೊಲಿದದ್ದು, ಅದರೊಳಗೆ ಸೂಜಿ ಇದೆ, ಇರಬಹುದು, ಇಲ್ಲದೆಯೂ ಇರಬಹುದು, ಯಾರದೋ ಚಪ್ಪಲಿಗೆ ಚುಚ್ಚಿಕೊಂಡು ಆಚೆ ಹೋಗಿರಬಹುದು. ಸೂಜಿ ಡಬ್ಬಿಯಲ್ಲಿ ಹನ್ನೆರಡು ತೂತು, ಹನ್ನೆರಡೂ ತುಂಬಿದ ಮೇಲೇ ಕೌದಿ ಮಡಿಸಬೇಕು, ಅದು ಟೀಚರಮ್ಮನ ಕಾನೂನು, ಮೂವತ್ತು ವರ್ಷ ಮಕ್ಕಳ ಹಾಜರಿ ಕೂಗಿದವಳು ರಿಟೈರಾದ ಮೇಲೆ ನಮ್ಮ ಸೂಜಿಗಳ ಹಾಜರಿ ಕೂಗುತ್ತಾಳೆ. ನಿನ್ನೆ ಸಂಜೆ, ಎಲ್ಲಾ ಬಂತಾ ಅಕ್ಕ, ಬಂತು ಬಂತು, ಅಂದು ಮುಚ್ಚಳ ಟಪ್ಪೆಂದು ಹಾಕಿದೆ. ಹನ್ನೊಂದಿತ್ತು. ಹೇಳಿದ್ದರೆ ಏನಾಗುತ್ತಿತ್ತು ಗೊತ್ತು, ಪಾಪ ಅಕ್ಕಂಗೆ ಕಣ್ಣು ಮಂಜು, ಇನ್ನು ಮನೇಲಿ ಆರಾಮಾಗಿರಲಿ — ಆ ಆರಾಮ ಯಾರಿಗೆ ಬೇಕು, ಈ ಹೊಲಿಗೆ ಹಾಲ್, ಈ ಬಟ್ಟೆಯ ವಾಸನೆ, ಹೆಂಗಸರ ಹರಟೆ ಬಿಟ್ಟರೆ ನನಗೇನಿದೆ. ಅದಕ್ಕೇ ಸುಳ್ಳು ಹೇಳಿದೆ, ಅದಕ್ಕಷ್ಟೇ.

ಮೊದಲನೆಯವರಿಗೆ ಹೊದಿಸಿದರು, ಚಪ್ಪಾಳೆ. ಹೊಲಿದವರೇ ಹೊದಿಸಬೇಕಂತೆ, ಮೂರನೆಯವನಿಗೆ ನಾನು, ಅಲ್ಲಿ ಕೂತಿದ್ದಾನೆ, ಊರುಗೋಲು ಮಂಡಿಗಳ ನಡುವೆ, ಮುದುಕನಾಗಿದ್ದಾನೆ, ನನ್ನ ತಮ್ಮ ಮುದುಕನಾಗಲೇ ಇಲ್ಲ. ಎರಡು ತಿಂಗಳು ಹೊಲಿದೆ, ಯಾರ ಹೆಗಲೋ ಏನೋ, ಬೆಚ್ಚಗಿರಲಿ ಅಂತ, ನಡುವಿನಿಂದ ಅಂಚಿಗೆ, ಅಂಗೈಯಿಂದ ಸವರಿ ಸವರಿ ಒಂದು ಸುಕ್ಕಿಲ್ಲದ ಹಾಗೆ, ಕೊನೆಯ ಗೇಣು ಉಳಿದಿದ್ದಾಗ ಟೀಚರಮ್ಮ ಪಟ್ಟಿ ಓದಿದಳು, ಅಕ್ಕ ನಿಮ್ಮದು ಇವರಿಗೆ, ಸೈನ್ಯದಲ್ಲಿ ಡ್ರೈವರ್ ಆಗಿದ್ರಂತೆ — ಆ ಹೆಸರು ನನಗೆ ಓದಿ ಹೇಳಬೇಕೇ, ಇಪ್ಪತ್ತೆರಡು ವರ್ಷ ಸೈನ್ಯದಿಂದ ಬಂದ ಕಾಗದದಲ್ಲಿಟ್ಟು ಕಾದಿದ್ದೇನೆ, ಟ್ರಕ್ ಕಣಿವೆಗೆ ಉರುಳಿತು, ನಿಮ್ಮ ತಮ್ಮ ತೀರಿಕೊಂಡರು, ಚಾಲಕ ಬದುಕುಳಿದಿದ್ದಾರೆ. ತಮ್ಮನ ಗೆಳೆಯ ಆಮೇಲೆ ಬಂದು ಬಾಗಿಲಲ್ಲೇ ನಿಂತು ಹೇಳಿದ, ಡ್ರೈವರ್ ತೂಕಡಿಸಿಬಿಟ್ಟ ಅಕ್ಕ. ತೂಕಡಿಸಿದನಂತೆ! ನನ್ನ ನಿದ್ದೆ ಅವತ್ತಿಗೇ ಹೋಯಿತು. ಕೈ ಅಲ್ಲೇ ನಿಂತಿತು, ಹೆಸರು ಕೇಳಿ ಕೈ ನಿಂತಾಗ ಸೂಜಿ ಜಾರಿರಬೇಕು, ಜಾರಿದ ಸೂಜಿ ನೆಲಕ್ಕೆ ಬೀಳುತ್ತದೆ, ಬಲಹೆಗಲ ಕಡೆಯ ನೀಲಿ ಚೌಕದ ಒಳಗೆ ಹತ್ತಿಯಲ್ಲಿ ಹೋಗಿ ಕೂರುವುದಿಲ್ಲ. ನೀಲಿ ಚೌಕ ಅಂತ ನನಗೆ ಹೇಗೆ ಗೊತ್ತು?

ಅಕ್ಕ ಬನ್ನಿ, ಟೀಚರಮ್ಮ ಮೊಣಕೈ ಹಿಡಿದು ಎಬ್ಬಿಸಿದಳು, ರಿಬ್ಬನ್ ಬಿಚ್ಚಿದೆ, ಈಗಲಾದರೂ ಹೇಳು, ಸ್ವಲ್ಪ ತಡೀರಿ ಅನ್ನು, ಕೌದಿಯ ಮಡಿಕೆ ಬಿಡಿಸಿದೆ. ಹೆಗಲು ಎಷ್ಟು ಸಣ್ಣದು ಇವನದು, ತಮ್ಮನ ಅಂಗಿ ಇವನಿಗೆ ದೊಡ್ಡದಾದೀತು, ಅವನು ರಜೆ ಮುಗಿಸಿ ಹೊರಟಾಗ ಅಂಗಿಯ ಗುಂಡಿ ಹೊಲಿದುಕೊಟ್ಟಿದ್ದೆ, ನಗಾಡಿದ್ದ, ಅಂಗಿ ಹರಿದರೂ ಗುಂಡಿ ಕೀಳಲ್ಲ ಬಿಡು. ಹೊದಿಸಿದೆ. ನೀಲಿ ಚೌಕ ಸರಿಯಾಗಿ ಬಲಹೆಗಲ ಮೇಲೆ, ನನ್ನ ಅಂಗೈ ತಾನಾಗಿ ಅದರ ಕೆಳಗೆ ನುಗ್ಗಿತು, ಕೌದಿಗೂ ಅವನ ಅಂಗಿಗೂ ನಡುವೆ. ಅವನು ತಲೆಯೆತ್ತಿದ. ನೀವು ಅವನ ಅಕ್ಕ ಅಲ್ವಾ, ಕಣ್ಣು ಹಾಗೇ ಇದೆ, ಅಕ್ಕ ಗುಂಡಿ ಹಾಕಿದ್ರೆ ಅಂಗಿ ಹರಿದರೂ ಕೀಳಲ್ಲ ಅಂತಿದ್ದ, ನಿನ್ನ ಅಂಗಿಗೂ ಹಾಕಿಸಿಕೊಡ್ತೀನಿ ಅಂದಿದ್ದ — ಧ್ವನಿ ತಗ್ಗಿಸಿದ — ನಿಮ್ಮನೆ ಬೀದಿಯವರೆಗೂ ಎರಡು ಸಲ ಬಂದು ವಾಪಸ್ ಹೋದೆ, ಧೈರ್ಯ ಸಾಲಲಿಲ್ಲ, ನಾನು ಕಣ್ಣು ಮುಚ್ಚಿದ್ದು ನಿಜ ಅಕ್ಕ, ಒಂದೇ ಒಂದು ಕ್ಷಣ, ಅಷ್ಟೇ.

ಒಂದು ಕ್ಷಣ, ನನಗೂ ಅಷ್ಟೇ ಹಿಡಿದದ್ದು, ಆ ಹೆಸರು ಕೇಳಿದ ಮೇಲೆ ಹೆಬ್ಬೆರಳಿನಿಂದ ಸೂಜಿಯ ಹಿಂಭಾಗ ಒತ್ತಿದೆ, ಮೊನೆ ಕೆಳಗೆ ಮಾಡಿ ಒತ್ತಿದೆ, ದಾರ ಕಡಿದೆ, ನಾನೇ, ಕಣ್ಣು ಮಂಜಲ್ಲ ಏನಲ್ಲ, ಕಣ್ಣು ಬಿಟ್ಟುಕೊಂಡೇ. ಅವನು ಕೌದಿಯನ್ನು ಎದೆಗೆ ಬಿಗಿಯಾಗಿ ಎಳೆದುಕೊಂಡ, ಅಂಗೈಗೆ ಚುರುಕ್ಕೆಂದಿತು, ಒಳಗೆ ಇಳಿಯಿತು. ಚಪ್ಪಾಳೆ, ಯಾರೋ ಕಣ್ಣೊರೆಸಿಕೊಳ್ಳುತ್ತಿದ್ದಾರೆ, ನೋಡಿ, ಅಕ್ಕ ಹೆಗಲಿಂದ ಕೈಯೇ ತೆಗೀತಿಲ್ಲ, ಟೀಚರಮ್ಮನ ದನಿ. ಕೈ ತೆಗೆದರೆ ಅವನಿಗೆ ಚುಚ್ಚುತ್ತದೆ. ಸೂಜಿ ಅಂದೆ, ಚಪ್ಪಾಳೆಯಲ್ಲಿ ಯಾರಿಗೂ ಕೇಳಲಿಲ್ಲ, ಏನಂದ್ರಿ ಅಕ್ಕ ಅಂತ ಅವನೊಬ್ಬ ಕಿವಿ ಹತ್ತಿರ ತಂದ, ಇನ್ನೂ ಬಿಗಿಯಾಗಿ ಎಳೆದುಕೊಂಡ — ಹೇಳು, ಅವನು ಹೇಳಿದನಲ್ಲ, ನೀನೂ ಹೇಳು — ಅಂಗೈ, ಹತ್ತಿ, ನೀಲಿ ಚೌಕ, ಸೂಜಿ, ನಾನು ಇಟ್ಟ ಸೂಜಿ, ಸೂಜಿ