ಜಕಾರ್ತಕ್ಕೆ ಮೂರನೆಯವನು

"ಇನ್ನು ಆ ಜಕಾರ್ತ ಹಾರಾಟಕ್ಕೆ ಇಬ್ಬರನ್ನೇ ಕಳಿಸೋಕೆ ನಾನು ಬಿಡಲ್ಲ ತಂಗಿ. ನಾನು ಟೋಪಿ ತೆಗೆದಿಡೋದ್ರೊಳಗೆ ಮೂರನೆಯವನು ಬಂದೇ ಬರ್ತಾನೆ."

ಕ್ಯಾಪ್ಟನ್ ಫಾಂಗ್ ಈ ಮಾತು ಕೊಟ್ಟದ್ದು ಹದಿನಾಲ್ಕು ವರ್ಷದ ಹಿಂದೆ, ಸೂ-ಚಿನ್‌ಳ ಅಡುಗೆಮನೆಯ ಮೇಜಿನ ಮುಂದೆ ಕೂತು. ಅವಳ ಗಂಡ ಕಾವ್ ತೀರಿಕೊಂಡು ಆಗ ಮೂರು ದಿನ. ಕಾವ್ ಫಾಂಗ್‌ನ ಪಕ್ಕದಲ್ಲಿ ಕೂರುತ್ತಿದ್ದ ಕೋ-ಪೈಲಟ್. ಸಂಜೆ ತಾವ್ಯುವಾನ್ ವಿಮಾನ ನಿಲ್ದಾಣದಿಂದ ಹೊರಟು, ಜಕಾರ್ತದಲ್ಲಿ ಜನರನ್ನು ಇಳಿಸಿ ಹತ್ತಿಸಿಕೊಂಡು, ಅದೇ ರಾತ್ರಿ ತಿರುಗಿ ಬಂದು ಬೆಳಕು ಹರಿಯುವ ಹೊತ್ತಿಗೆ ಇಳಿಯುವ ಹಾರಾಟ ಅದು. ಹೋಗುವಾಗಲೂ ಬರುವಾಗಲೂ ಅವರೇ ಇಬ್ಬರು. ಅವತ್ತು ಇಬ್ಬರೂ ಸಮುದ್ರದ ಮೇಲೆ ಸರದಿಯಲ್ಲಿ ಕಣ್ಣು ತಿಕ್ಕಿಕೊಂಡು ಹೇಗೋ ವಿಮಾನ ಇಳಿಸಿದರು. ಫಾಂಗ್ ಬಸ್ಸು ಹತ್ತಿದ. ಕಾವ್ ಕಾರು ಹತ್ತಿದ. ಜೊಂಗ್ಲಿಯ ಹತ್ತಿರ ಹೆದ್ದಾರಿಯ ಕಟ್ಟೆಗೆ ಕಾರು ಬಡಿದಾಗ ಬ್ರೇಕು ಒತ್ತಿದ ಗುರುತೇ ಇರಲಿಲ್ಲವಂತೆ.

ಮೂರನೇ ದಿನ ಕಂಪನಿಯ ಲ್ಯೆನ್ ಫಾಂಗ್‌ನ ಕೈಗೆ ಒಂದು ಕಾಗದ ಕೊಟ್ಟ. ಫಾಂಗ್ ಮತ್ತು ಲ್ಯೆನ್ ಒಟ್ಟಿಗೆ ತರಬೇತಿ ಮುಗಿಸಿದವರು; ಲ್ಯೆನ್ ಬೇಗನೆ ಆಫೀಸಿನ ಕುರ್ಚಿಗೆ ಹತ್ತಿದವನು. ಕಾವ್ ಹಾರಾಟ ಮುಗಿಸಿ ಹೋಗುವಾಗ ಒಂದು ನಮೂನೆಗೆ ಸಹಿಯ ಬದಲು ತನ್ನ ಹೆಸರಿನ ಮೊಹರು ಒತ್ತುವುದು ಬಿಟ್ಟುಹೋಗಿದೆ, ಮನೆಯಲ್ಲಿ ಅವನ ಮೊಹರು ಇದ್ದೇ ಇರುತ್ತದೆ, ಒತ್ತಿಸಿಕೊಂಡು ಬಾ, ಇಲ್ಲದಿದ್ದರೆ ಹೆಂಡತಿಗೆ ಬರಬೇಕಾದ್ದು ಯಾವುದೂ ಬರುವುದಿಲ್ಲ ಎಂದ. ಫಾಂಗ್ ಒಯ್ದ.

ಅವರೇ ಇಲ್ಲವಲ್ಲ ಅಣ್ಣ, ಈಗ ಹೇಗೆ ಒತ್ತಲಿ ಎಂದು ಸೂ-ಚಿನ್ ಕೇಳಿದಳು. "ಮೊಹರು ಇದ್ರೆ ಆಳು ಇದ್ದ ಹಾಗೇ" ಎಂದು ಫಾಂಗ್ ಹೇಳಿದ. ಅವಳು ಬ್ಯಾಂಕಿನ ಪುಸ್ತಕಗಳ ಕೆಳಗಿನಿಂದ ಗಂಡನ ಮೊಹರು ತೆಗೆದು, ಕೆಂಪು ಮಸಿಗೆ ತಾಗಿಸಿ ಒತ್ತಿದಳು. ಮಸಿ ಕಾಗದಕ್ಕೆ ಇಳಿದ ಮೇಲೆ ಫಾಂಗ್ ಅದರಲ್ಲಿದ್ದ ಮೂರು ಸಾಲು ಓದಿದ. ನನಗೆ ಆಯಾಸವಾಗಿಲ್ಲ, ಕಂಪನಿಯ ವಿಶ್ರಾಂತಿ ಕೋಣೆ ಬೇಡವೆಂದು ನಾನೇ ಹೇಳಿದ್ದೇನೆ, ನನ್ನ ಇಷ್ಟದಿಂದ ಮನೆಗೆ ಹೊರಟಿದ್ದೇನೆ. ಸಾವಿನ ಹೊಣೆ ಕಂಪನಿಯಿಂದ ಜಾರಿ ಕಾವ್‌ನ ತಲೆಗೇ ಬಂದಂತಾಯಿತು. ಒತ್ತಿಸುವ ಮೊದಲು ಓದಿರಲಿಲ್ಲ ಎಂದು ಅವನು ಇವತ್ತಿಗೂ ತನಗೆ ತಾನೇ ಹೇಳಿಕೊಳ್ಳುತ್ತಾನೆ. ಅದೇ ಮೇಜಿನ ಮುಂದೆ, ಆ ಕೆಂಪು ಇನ್ನೂ ಹಸಿಯಿದ್ದಾಗ, ಅವನ ಬಾಯಿಂದ ಆ ಮಾತು ಬಂದದ್ದು.

ಆಮೇಲೆ ಅವನು ಪೈಲಟ್‌ಗಳ ಸಂಘ ಸೇರಿದ. ಸಭೆಗೆ ಕುರ್ಚಿ ಜೋಡಿಸುವುದರಿಂದ ಹಿಡಿದು ಎಲ್ಲ ಮಾಡಿ, ಈಗ ಸಂಘದ ಪರವಾಗಿ ಮಾತುಕತೆಗೆ ಕೂರುವವನು ಅವನೇ ಆಗಿದ್ದ.

ಮುಷ್ಕರಕ್ಕೆ ಅವತ್ತು ಆರನೇ ದಿನ. ಹೊಸ ವರ್ಷದ ಹಬ್ಬ ಮುಗಿದು ವಾರವಾಗಿತ್ತು. ಕಂಪನಿಯ ಗೇಟಿಗೆ ಅಂಟಿಸಿದ ಕೆಂಪು ಹಾರೈಕೆಗಳು ಜಿನುಗು ಮಳೆಗೆ ಬಣ್ಣ ಬಿಡುತ್ತಿದ್ದವು. ಎದುರಿಗೆ ಸಂಘದ ಡೇರೆ, ಡೇರೆಯೊಳಗೆ ಜುವಾಂಗ್, ಜುವಾಂಗ್‌ಳ ಕಾಲ ಬಳಿ ನೀಲಿ ಸೂಟ್‌ಕೇಸು. ಮುಷ್ಕರಕ್ಕೆ ಇಳಿದವರೆಲ್ಲರ ಪಾಸ್‌ಪೋರ್ಟೂ ಲೈಸೆನ್ಸೂ ಅದರೊಳಗಿದ್ದವು. ಕಾಗದ ಕೈಯಲ್ಲಿಲ್ಲದಿದ್ದರೆ ಕಂಪನಿ ಹೆದರಿಸಿದರೂ ಪುಸಲಾಯಿಸಿದರೂ ವಿಮಾನ ಹತ್ತುವ ಹಾಗಿಲ್ಲವಲ್ಲ. ಜುವಾಂಗ್ ಚಿಕ್ಕ ವಯಸ್ಸಿನ ಕ್ಯಾಪ್ಟನ್, ಬಾಯಿ ಜೋರು. ಊಟಕ್ಕೂ ಸೂಟ್‌ಕೇಸು ಎಳೆದುಕೊಂಡೇ ಹೋಗುತ್ತಿದ್ದಳು. ಅವಳನ್ನು ಕಂಡವರು ದಿಬ್ಬಣ ಎಲ್ಲಿಗೆ ಹೊರಟಿತು ಎಂದು ಕೇಳಿದರೆ, ಗಂಡು ಇನ್ನೂ ಸಹಿ ಹಾಕಿಲ್ಲ ಕಣ್ರೀ ಅನ್ನುತ್ತಿದ್ದಳು.

ಕಾಗದ ವಾಪಸು ಬೇಕಾದವರು ತಾವೇ ಬಂದು, ಎಲ್ಲರೆದುರು ಪುಸ್ತಕದಲ್ಲಿ ಮೊಹರು ಒತ್ತಿ ಮುಷ್ಕರದಿಂದ ಹೊರಗೆ ಹೋಗಬೇಕು. ಆ ನಿಯಮ ಮಾಡಿದವನು ಫಾಂಗ್. ಆರನೇ ದಿನದ ಬೆಳಿಗ್ಗೆಗೆ ಪುಸ್ತಕದಲ್ಲಿ ಇಪ್ಪತ್ಮೂರು ಮೊಹರು ಬಿದ್ದಿದ್ದವು.

ಸೂ-ಚಿನ್ ಬೆಳಗಿನ ತಿಂಡಿಯ ಅಂಗಡಿ ನಡೆಸುತ್ತಾಳೆ. ಐದು ದಿನವೂ ಡೇರೆಗೆ ಬಿಸಿ ಸೋಯಾ ಹಾಲು ಕಳಿಸಿದ್ದಳು. ಆರನೇ ದಿನ ಹಾಲು ಬರಲಿಲ್ಲ, ಅವಳೇ ಬಂದಳು. ಕೊಡೆ ಮಡಿಸಿ ಫಾಂಗ್‌ನನ್ನು ಡೇರೆಯ ಮೂಲೆಗೆ ಕರೆದಳು.

"ಹುಡುಗನ ಕಾಗದ ಕೊಟ್ಬಿಡಿ ಅಣ್ಣ."

ಹುಡುಗ ಎಂದರೆ ಅವಳ ಮಗ ಯೂ-ಚೆಂಗ್. ಅಪ್ಪ ಹೋದಾಗ ಹನ್ನೆರಡು ವರ್ಷದವನು, ಈಗ ಅದೇ ಕಂಪನಿಯಲ್ಲಿ ಕೋ-ಪೈಲಟ್. ಕೆಲಸ ಕಾಯಂ ಆಗಲು ಇನ್ನೂ ನಾಲ್ಕು ತಿಂಗಳಿತ್ತು. ಹಿಂದಿನ ಸಂಜೆ ಲ್ಯೆನ್ ಸೂ-ಚಿನ್‌ಗೆ ಫೋನು ಮಾಡಿದ್ದನಂತೆ. ಅಂಗಡಿ ಹೇಗೆ ನಡೆದಿದೆ, ಮಂಡಿನೋವು ಹೇಗಿದೆ ಎಂದೆಲ್ಲ ವಿಚಾರಿಸಿ, ಕಾಯಂ ಆಗದವರನ್ನು ಕೆಲಸದಿಂದ ಬಿಡಿಸಲು ಕಾರಣ ಹೇಳಬೇಕಾಗಿಲ್ಲ ನೋಡಿ ಎಂದು ಕೊನೆಗೆ ಹೇಳಿದ್ದನಂತೆ. ಆ ಒಂದು ಮಾತಿಗೆ ಅವಳು ರಾತ್ರಿಯೆಲ್ಲ ಹಾಲಿಗೆ ಸೋಯಾ ಕಾಳು ನೆನೆಹಾಕುವುದನ್ನೂ ಮರೆತು ಕೂತಿದ್ದಳು.

ಅವನೇ ಬಂದು ಕೇಳಬೇಕು, ನಿಯಮ ಎಂದ ಫಾಂಗ್.

"ಅವನು ಬರಲ್ಲ. ಅದಕ್ಕೇ ನಾನು ಬಂದಿದ್ದು." ಅವಳು ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಮಗನ ಮೊಹರು ಇತ್ತು. "ಮೊಹರು ಇದ್ರೆ ಆಳು ಇದ್ದ ಹಾಗೇ ಅಂತ ನೀವೇ ಹೇಳಿದ್ರಲ್ಲ."

ಫಾಂಗ್ ಡೇರೆಯ ತುಂಬ ಇದ್ದ ಜನರ ಕಡೆ ನೋಡಿದ. ಕಾವ್‌ನ ಮಗನೇ ಪುಸ್ತಕದಲ್ಲಿ ಮೊಹರು ಒತ್ತಿ ಹೋದ ಎಂಬ ಸುದ್ದಿ ಹೊರಬಿದ್ದರೆ ಸಂಜೆಯೊಳಗೆ ಸೂಟ್‌ಕೇಸು ಖಾಲಿ. ತೂತು ಬಿದ್ದ ಚೀಲದಿಂದ ಅಕ್ಕಿ ಸುರಿದ ಹಾಗೆ ಜನ ಸುರಿದುಹೋಗುತ್ತಾರೆ. ಅವಳಿಗೆ ಆಗದು ಎಂದರೆ ಹುಡುಗನ ಕೆಲಸ ಹೋಗುತ್ತದೆ. ಅವನು ದನಿ ತಗ್ಗಿಸಿ, ಇವತ್ತು ಜಕಾರ್ತದ ಮಾತು ಬರುತ್ತೆ, ನಿನಗೆ ಕೊಟ್ಟ ಮಾತು ನನಗೆ ನೆನಪಿದೆ ಎಂದ.

"ಉಳಿಸಿಕೊಳ್ಳಿ ಅಣ್ಣ, ಬೇಡ ಅನ್ನಲ್ಲ. ಆದ್ರೆ ನನ್ನ ಮಗನ್ನ ಒತ್ತೆ ಇಟ್ಟು ಉಳಿಸಿಕೊಳ್ಳಬೇಡಿ."

ಅಷ್ಟರಲ್ಲಿ ಯೂ-ಚೆಂಗ್ ತಾಯಿಯನ್ನು ಕಂಡು ಓಡಿ ಬಂದ. ಘೋಷಣೆಯ ಹಲಗೆ ಇನ್ನೂ ಕೈಯಲ್ಲೇ ಇತ್ತು. ಅವಳ ಅಂಗೈ ನೋಡಿದ, ಅರ್ಥವಾಯಿತು. ಕಿವಿ ಕೆಂಪಾಯಿತು.

"ಕೊಡಬೇಡಿ ದೊಡ್ಡಪ್ಪ. ಅಪ್ಪ ಅವತ್ತು ಆ ಕಾಗದಕ್ಕೆ ತಾನೇ ಮೊಹರು ಒತ್ತಿ ಹೋದ. ಆಯಾಸ ಇಲ್ಲ ಅಂತ. ಒತ್ತದೇ ಇದ್ದಿದ್ರೆ ಇಷ್ಟು ವರ್ಷ ನಾವು ತಲೆ ತಗ್ಗಿಸಬೇಕಾಗಿರಲಿಲ್ಲ. ನಾನು ಒತ್ತಲ್ಲ."

ಸೂ-ಚಿನ್ ಕೊಡೆಯ ತುದಿಯಿಂದ ಇಳಿಯುವ ನೀರನ್ನು ನೋಡುತ್ತ ನಿಂತಳು. ಫಾಂಗ್ ಜುವಾಂಗ್‌ಳ ಸೂಟ್‌ಕೇಸು ನೋಡಿದ. ಹದಿನಾಲ್ಕು ವರ್ಷದಲ್ಲಿ ಇಬ್ಬರೂ ಆ ಹುಡುಗನಿಗೆ ಒಂದೇ ಒಂದು ಸಲವೂ ಅದು ಹಾಗಲ್ಲಪ್ಪ ಎಂದು ಹೇಳಿರಲಿಲ್ಲ.

ನಾಲ್ಕು ಗಂಟೆಯವರೆಗೆ ಕಾಯುತ್ತೇನೆ, ಆಮೇಲೆ ಟಿ.ವಿ.ಯವರ ಎದುರಿಗೇ ಒತ್ತುತ್ತೇನೆ ಎಂದು ಸೂ-ಚಿನ್ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಳು. ಮೊಹರಿನ ಮೇಲೆ ಮುಷ್ಟಿ ಮತ್ತೆ ಮುಚ್ಚಿತು.

ಮಾತುಕತೆ ಕಾರ್ಮಿಕ ಇಲಾಖೆಯ ಕಟ್ಟಡದಲ್ಲಿ. ಕಿಟಕಿಯಿಲ್ಲದ ಕೋಣೆ, ಉದ್ದ ಮೇಜಿನ ಆ ಕಡೆ ಲ್ಯೆನ್ ಮತ್ತವನ ವಕೀಲರು, ಈ ಕಡೆ ಫಾಂಗ್ ಮತ್ತು ಜುವಾಂಗ್, ಮೇಜಿನ ತುದಿಯಲ್ಲಿ ಮಾತುಕತೆ ನಡೆಸಿಕೊಡುವ ಇಲಾಖೆಯ ಹೆಂಗಸು. ಎದುರು ಗೋಡೆಗೆ ಕ್ಯಾಮೆರಾಗಳ ಸಾಲು. ಆಡಿದ್ದೆಲ್ಲ ಆಡಿದ ಹಾಗೇ ಊರಿಗೆಲ್ಲ ಕಾಣಿಸುತ್ತಿತ್ತು. ಆಕಳಿಸಲೂ ಹಿಂಜರಿಯಬೇಕಾದ ಜಾಗ.

ಸಂಘ ಕೇಳಿದ್ದು ಐದು ರಾತ್ರಿ ಹಾರಾಟಗಳಿಗೆ ಮೂರನೇ ಪೈಲಟ್. ಲ್ಯೆನ್ ಒಂದೊಂದಕ್ಕೂ ಉಸ್ಸೆಂದು, ಲೆಕ್ಕ ತೋರಿಸಿ, ಪ್ರಯಾಣಿಕರ ಕಷ್ಟ ಹೇಳಿ, ಊಟದ ಹೊತ್ತಿಗೆ ನಾಲ್ಕನ್ನು ಬಿಟ್ಟುಕೊಟ್ಟ. ನಾಲ್ಕು ಎಂದರೆ ಯಾರೂ ಎಣಿಸಿರದ ಗೆಲುವು. ಜುವಾಂಗ್ ಬುತ್ತಿಯ ಮುಚ್ಚಳ ತೆಗೆದು ತನ್ನ ಪಾಲಿನ ಕರಿದ ಮಾಂಸದ ತುಂಡನ್ನು ಫಾಂಗ್‌ನ ಅನ್ನದ ಮೇಲೆ ಇಟ್ಟಳು. ಫಾಂಗ್ ಅದನ್ನು ಬದಿಗೆ ಸರಿಸಿದ. ಉಳಿದ ಒಂದು ಜಕಾರ್ತ. ಸಹಿ ಬಿದ್ದರೆ ಮುಂದಿನ ಮೂರು ವರ್ಷ ಮುಷ್ಕರವಿಲ್ಲ ಎಂಬ ಷರತ್ತೂ ಒಪ್ಪಂದದಲ್ಲಿತ್ತು. ಬರುವ ಚಳಿಗಾಲಕ್ಕೆ ಫಾಂಗ್‌ನ ವಯಸ್ಸು ಮುಗಿಯುತ್ತದೆ, ಟೋಪಿ ತೆಗೆದಿಡಬೇಕು.

ಊಟದ ಬಿಡುವಿನಲ್ಲಿ ನೀರಿನ ಯಂತ್ರದ ಹತ್ತಿರ ಲ್ಯೆನ್ ಸಿಕ್ಕ. ಅಲ್ಲಿಗೆ ಕ್ಯಾಮೆರಾ ಬರುತ್ತಿರಲಿಲ್ಲ.

"ಅದೊಂದನ್ನ ಬಿಡಯ್ಯಾ ಫಾಂಗ್. ಜಕಾರ್ತಕ್ಕೆ ಮೂರನೆಯವನನ್ನ ಕೊಟ್ರೆ, ಮೊದಲು ಯಾಕೆ ಕೊಟ್ಟಿರಲಿಲ್ಲ ಅಂತ ಒಬ್ಬ ಕೇಳ್ತಾನೆ. ಇನ್ನೊಬ್ಬ ಹಳೇ ಕಡತ ತೆಗೀತಾನೆ. ಆ ಕಾಗದ ಅಲ್ಲೇ ಇದೆ. ಆಳು ಸತ್ತ ಮೂರನೇ ದಿನ ಒತ್ತಿದ ಮೊಹರು."

"ಕಾಗದ ಕೊಟ್ಟವನು ನೀನು."

"ಹೌದು. ನಾನು ಕೊಟ್ಟೆ, ನೀನು ಒಯ್ದೆ, ಅವಳು ಒತ್ತಿದಳು." ಲ್ಯೆನ್ ಲೋಟ ತುಂಬಿಸಿಕೊಂಡ. "ಮೂರನೆಯವನು ಬೇಕು ಬೇಕು ಅಂತೀಯ. ಮೂವರು ಇದ್ದೀವಲ್ಲಪ್ಪ."

ನಗಲಿಲ್ಲ. ಅವನ ಕಣ್ಣ ಕೆಳಗೂ ಫಾಂಗ್‌ಗೆ ಇದ್ದಷ್ಟೇ ಕಪ್ಪು ಇತ್ತು.

ಮತ್ತೆ ಕೂತಾಗ ಕ್ಯಾಮೆರಾಗಳ ಕೆಂಪು ದೀಪ ಹೊತ್ತಿದವು. ಇಲಾಖೆಯ ಹೆಂಗಸು ಉಳಿದ ಒಂದು ವಿಷಯಕ್ಕೆ ಸಂಘ ಏನು ಹೇಳುತ್ತದೆ ಎಂದು ಕೇಳಿದಳು. ಫಾಂಗ್ ಗಂಟಲು ಸರಿಮಾಡಿಕೊಂಡ. ಅವನ ಬಳಿ ಒಂದು ಮಾತಿತ್ತು, ಕಾವ್‌ನ ಮೊಹರು ಅವನು ಸತ್ತ ಮೇಲೆ ಬಿದ್ದದ್ದು ಎಂದು. ಅದನ್ನು ಈ ದೀಪಗಳ ಮುಂದೆ ಆಡಿದರೆ ಲ್ಯೆನ್‌ಗೆ ಇಲ್ಲವೆನ್ನಲು ಜಾಗವಿರುತ್ತಿರಲಿಲ್ಲ. ಸಂಜೆಯೊಳಗೆ ಜಕಾರ್ತಕ್ಕೆ ಮೂರನೆಯವನು ಬರುತ್ತಿದ್ದ. ಕಾಗದ ಒಯ್ದವನು ನಾನೇ ಎಂದು ಹೇಳಿ ತನ್ನ ಮುಖಕ್ಕೆ ತಾನೇ ಮಸಿ ಬಳಿದುಕೊಳ್ಳಲು ಅವನು ಸಿದ್ಧನಿದ್ದ. ಹದಿನಾಲ್ಕು ವರ್ಷದಿಂದ ಆ ಮಸಿ ಒಳಗೆ ಇದ್ದೇ ಇತ್ತು. ಆದರೆ ಯಾರು ಒಯ್ದರು ಎಂದ ಮೇಲೆ ಯಾರು ಒತ್ತಿದರು ಎಂದೂ ಹೇಳಬೇಕಾಗುತ್ತದೆ. ಅಲ್ಲಿ ಡೇರೆಯಲ್ಲಿ ಸ್ಟೂಲಿನ ಮೇಲೆ ಅವಳು ಕೂತಿದ್ದಾಳೆ. ಪಕ್ಕದಲ್ಲಿ ಮಗ ಫೋನು ಹಿಡಿದು ಇದನ್ನೇ ನೋಡುತ್ತಿದ್ದಾನೆ. ಕೋರ್ಟು ಅವಳನ್ನು ಬಿಟ್ಟರೂ ಬಿಟ್ಟೀತು, ಮಗ ಬಿಡುತ್ತಾನೆಯೇ?

"ಜಕಾರ್ತ ಹಾರಾಟದ ವಿಷಯ," ಎಂದ ಫಾಂಗ್.

ಲ್ಯೆನ್ ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದ.

"ಅದನ್ನ ಮುಂದಿನ ಒಪ್ಪಂದಕ್ಕೆ ಬಿಡೋಣ."

ಮೇಜಿನ ಕೆಳಗೆ ಜುವಾಂಗ್‌ಳ ಬೂಟು ಅವನ ಕಾಲಿಗೆ ತಾಗಿತು. "ಮೂರು ವರ್ಷ ಕ್ಯಾಪ್ಟನ್, ನೀವು ಆಗ ಇರಲ್ಲ" ಎಂದು ಅವಳು ತುಟಿ ಅಲ್ಲಾಡಿಸದೆ ಹೇಳಿದಳು. ಅವನಿಗೆ ಕೇಳಿಸಿತು. ಅದಕ್ಕೆ ಬದಲಾಗಿ ಒಂದು ಸಾಲು ಸೇರಿಸಬೇಕು, ಮುಷ್ಕರಕ್ಕೆ ಬಂದರೆಂದು ಕಾಯಂ ಆಗದ ಒಬ್ಬರನ್ನೂ ಬಿಡಿಸಕೂಡದು ಎಂದು ಅವನು ಕೇಳಿದ. ಲ್ಯೆನ್ ವಕೀಲರ ಮುಖ ಕೂಡ ನೋಡದೆ ಆಗಲಿ ಎಂದುಬಿಟ್ಟ. ಅಷ್ಟು ಬೇಗ ಒಪ್ಪಿದ್ದು ಕಂಡು ಜುವಾಂಗ್ ಮೊದಲ ಸಲ ಇಬ್ಬರ ಮುಖವನ್ನೂ ಬದಲಿಸಿ ಬದಲಿಸಿ ನೋಡಿದಳು.

ಮೂರು ಗಂಟೆ ನಲವತ್ತಕ್ಕೆ ಫಾಂಗ್ ಸಂಘದ ಮೊಹರನ್ನು ಕೆಂಪು ಮಸಿಗೆ ತಾಗಿಸಿ ಒತ್ತಿದ. ಅಂಚು ಸ್ವಲ್ಪ ಹರಡಿತು.

ಡೇರೆಯಲ್ಲಿ ಸೂಟ್‌ಕೇಸು ತೆರೆಯಿತು. ಜನ ಸಾಲಿನಲ್ಲಿ ನಿಂತು, ಕಾಗದ ಬಂತೆಂದು ಮೊಹರು ಒತ್ತಿ, ಒಬ್ಬರ ಬೆನ್ನು ಒಬ್ಬರು ತಟ್ಟುತ್ತ ಹೋದರು. ಯೂ-ಚೆಂಗ್‌ನ ಸರದಿ ಬಂದಾಗ ಸೂ-ಚಿನ್ ಮುಷ್ಟಿ ಬಿಚ್ಚಿ ಮೊಹರನ್ನು ಅವನ ಕೈಗೆ ಕೊಟ್ಟಳು. ಇಡೀ ದಿನ ಹಿಡಿದಿದ್ದಕ್ಕೆ ಅಂಗೈಯಲ್ಲಿ ಚೌಕದ ಗುರುತು ಬಿದ್ದಿತ್ತು.

"ನಾಲ್ಕು ಸಿಕ್ತಲ್ಲ ದೊಡ್ಡಪ್ಪ," ಎಂದ ಹುಡುಗ. ಅವನ ಮಾತಿನಲ್ಲಿ ದೂರಿರಲಿಲ್ಲ. ಫಾಂಗ್‌ಗೆ ಅದೇ ಹೆಚ್ಚು ಕಷ್ಟವಾಯಿತು.

ಮಗ ಅತ್ತ ಹೋದ ಮೇಲೆ ಸೂ-ಚಿನ್ ಕೊಡೆ ಬಿಚ್ಚಿದಳು.

"ಹೇಳಿಬಿಡ್ತೀರೇನೋ ಅಂತ ಹೆದರಿದ್ದೆ."

"ಹೇಳಬೇಕಿತ್ತಾ?"

ಕಾಳು ನೆನೆಹಾಕಬೇಕು, ನಾಳೆ ಅಂಗಡಿ ತೆಗೀಬೇಕು ಎಂದು ಅವಳು ಬಸ್ಸಿನ ಕಡೆ ನಡೆದಳು.

ಮುಂದಿನ ಮಂಗಳವಾರ ಹೊಸ ಡ್ಯೂಟಿ ಪಟ್ಟಿ ಬಂತು. ಶುಕ್ರವಾರ ಸಂಜೆ ಜಕಾರ್ತ, ಅದೇ ರಾತ್ರಿ ವಾಪಸು. ಕ್ಯಾಪ್ಟನ್ ಒಬ್ಬ. ಕೋ-ಪೈಲಟ್ ಒಬ್ಬ, ಕಾವ್ ಯೂ-ಚೆಂಗ್. ಮೂರನೇ ಹೆಸರು ಇರಲಿಲ್ಲ. ಫಾಂಗ್ ಕೊಟ್ಟ ಮಾತು ನಡೆಯಲಿಲ್ಲ.