ಗೋಡೆಗೆ ಮುಖ ಮಾಡಿದ ಕಾರು

ಕಾರನ್ನು ನಿಲ್ಲಿಸುವುದು ಹೇಗೆ ಎಂಬ ವಿಷಯದಲ್ಲಿ ನಮ್ಮ ಮನೆಯಲ್ಲಿ ನನ್ನಷ್ಟು ತಿಳಿದವರು ಯಾರೂ ಇರಲಿಲ್ಲ. ಬೇರೆ ಯಾರೂ ಹಾಗೆ ಹೇಳದ ಕಾರಣ ನಾನೇ ಹೇಳಿಕೊಳ್ಳಬೇಕಾಗುತ್ತಿತ್ತು. ಎಂಜಿನ್ ಆರಿಸುವ ಮೊದಲು ಎಸಿ ಆರಿಸಬೇಕು, ಆಮೇಲೆ ಫ್ಯಾನು, ರೇಡಿಯೋ, ದೀಪ. ಇಳಿದ ಮೇಲೆ ಒಮ್ಮೆ ತಿರುಗಿ, ಒಳಗಿನ ದೀಪ ಉರಿಯುತ್ತಿದೆಯೇ ಎಂದು ನೋಡಬೇಕು. ಕಾರಿನ ಮೂತಿ ಯಾವಾಗಲೂ ರಸ್ತೆಯ ಕಡೆಗಿರಬೇಕು. ಬ್ಯಾಟರಿ ಕೈಕೊಟ್ಟರೆ ಪಕ್ಕದ ಕಾರಿನಿಂದ ತಂತಿ ಎಳೆಯಲೂ ಅನುಕೂಲ, ಇಳಿಜಾರಿಗೆ ತಳ್ಳಲೂ ಅನುಕೂಲ. ಊಟದ ಹೊತ್ತಿಗೆ ನಾನು ಇದನ್ನು ಶುರು ಮಾಡಿದರೆ ಅಪ್ಪ ನೀರಿನ ಲೋಟ ಎತ್ತಿ ಬಹಳ ಹೊತ್ತು ಕುಡಿಯುತ್ತಿದ್ದರು. ಅಕ್ಕ ನನಗೆ ‘ಮೇಷ್ಟ್ರು’ ಎಂದು ಹೆಸರಿಟ್ಟಳು. ಯಾವ ಶಾಲೆಯೂ ನನಗೆ ಕೆಲಸ ಕೊಟ್ಟಿರಲಿಲ್ಲ, ಬಿರುದು ಮಾತ್ರ ಪುಕ್ಕಟೆಯಾಗಿ ಸಿಕ್ಕಿತು.

ಕಾರು ಬೇಕಾಗಿದ್ದದ್ದು ಅಕ್ಕನಿಗೆ. ಅವಳು ನರ್ಸು, ಊರ ಹೊರಗಿನ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ. ಸಂಜೆ ಅವಳು ಹೊರಡುವ ಹೊತ್ತಿಗೆ ಆ ಕಡೆ ಬಸ್ಸಿಲ್ಲ, ಖಾಲಿ ವಾಪಸ್ ಬರಬೇಕಲ್ಲ ಎಂದು ಬಾಡಿಗೆ ಗಾಡಿಯವರೂ ಒಪ್ಪುವುದಿಲ್ಲ. ವರ್ಷಗಟ್ಟಲೆ ಕಾದು, ಯಾರ್‍ಯಾರಿಗೋ ಅರ್ಜಿ ಬರೆದು, ಕೊನೆಗೂ ಅವಳಿಗೆ ಹಸುಗೂಸುಗಳ ವಾರ್ಡು ಸಿಕ್ಕಿತ್ತು. ಅಂಗೈಯಗಲದ ಮಕ್ಕಳ ಬಗ್ಗೆ ಮಾತಾಡುವಾಗ ಅವಳ ದನಿಯೇ ಬದಲಾಗುತ್ತಿತ್ತು. ಆದರೆ ಆ ತಿಂಗಳು ಕಾರು ಎರಡು ಸಲ ಹೊರಡದೆ ಅವಳು ತಡವಾಗಿ ಹೋದಳು. ಇನ್ನೊಂದು ಸಲ ಹೀಗಾದರೆ ಹಗಲು ಹೊತ್ತು ರೋಗಿಗಳಿಗೆ ಚೀಟಿ ಬರೆಯುವ ಕೌಂಟರಿನಲ್ಲಿ ಕೂರಿಸುತ್ತೇನೆ ಎಂದು ಹೆಡ್ ನರ್ಸು ಹೇಳಿದ್ದರಂತೆ.

ಕಾರನ್ನು ನಾನು ಬ್ಯಾಟರಿ ಅಂಗಡಿಗೆ ಒಯ್ದೆ. ಅಂಗಡಿಯವನು ಮೀಟರು ಹಚ್ಚಿ ನೋಡಿ, ಬ್ಯಾಟರಿ ಗಟ್ಟಿಯಾಗಿದೆ ಎಂದ.

"ನಿಂತಾಗ ಯಾರೋ ತಿಂತಿದಾರೆ ಇದನ್ನ. ದಿನದ ಆ ಒಂದು ಓಡಾಟದಲ್ಲಿ ಅಷ್ಟೆಲ್ಲ ಮತ್ತೆ ತುಂಬ್ಕೊಳೋಕೂ ಆಗಲ್ಲ."

ಮನೆಗೆ ಬಂದು ಅಪ್ಪ, ಅಮ್ಮ, ಅಕ್ಕ ಮೂವರನ್ನೂ ಕೂರಿಸಿಕೊಂಡು ನಾನು ವಿಚಾರಣೆ ನಡೆಸಿದೆ. ಕಾರು ಮುಟ್ಟಿದವರು ಯಾರು, ದೀಪ ಆರಿಸದೆ ಬಿಟ್ಟವರು ಯಾರು. ಯಾರೂ ಬಾಯಿ ಬಿಡಲಿಲ್ಲ. ನಾನಂತೂ ಬಿಡುವ ಪ್ರಶ್ನೆಯೇ ಇರಲಿಲ್ಲ, ವಿಚಾರಣೆ ಮಾಡುವವನು ನಾನಲ್ಲವೇ.

ಇಲ್ಲಿ ನಮ್ಮ ಮನೆಯ ಹಗಲಿನ ಬಗ್ಗೆ ಹೇಳಬೇಕು. ಎರಡೇ ಕೋಣೆ. ಅಕ್ಕ ಬೆಳಿಗ್ಗೆ ಬಂದು ಮಲಗಿದಳೆಂದರೆ ಮನೆ ಉಸಿರು ಹಿಡಿದುಕೊಳ್ಳುತ್ತಿತ್ತು. ಕರೆಗಂಟೆಯ ತಂತಿ ಕಿತ್ತಾಗಿತ್ತು. ಕುಕ್ಕರಿಗೆ ಸೀಟಿ ಹೊಡೆಯುವ ಹಕ್ಕಿರಲಿಲ್ಲ. ಕೆಮ್ಮು ಬಂದರೆ ಬಾಲ್ಕನಿಗೆ ಓಡುತ್ತಿದ್ದೆವು. ಅಮ್ಮ ಬಟ್ಟೆ ಹೊಲಿದುಕೊಡುತ್ತಿದ್ದಳು, ಆದರೆ ಹೊಲಿಗೆ ಮಿಷನ್ನಿನ ಮೇಲೆ ಸಂಜೆಯವರೆಗೂ ಹೊದಿಕೆ. ಅಪ್ಪನಿಗೆ ಪಿಸುಮಾತು ಬರುತ್ತಲೇ ಇರಲಿಲ್ಲ. ನಿವೃತ್ತಿಯವರೆಗೂ ಪಂಪ್‌ಹೌಸಿನ ಯಂತ್ರಗಳ ಪಕ್ಕ ನಿಂತು ಮಾತಾಡಿದವರು. ನನ್ನದು ಪಠ್ಯಪುಸ್ತಕಗಳ ಕರಡು ತಿದ್ದುವ ಕೆಲಸ. ಗಟ್ಟಿಯಾಗಿ ಓದದಿದ್ದರೆ ತಪ್ಪು ನನ್ನ ಕಣ್ಣಿಗೆ ಬೀಳುವುದಿಲ್ಲ. ಮನೆಯಲ್ಲಿ ಓದುವಂತಿಲ್ಲ. ಹಾಗಾಗಿ ದಿನಾ ಮಧ್ಯಾಹ್ನ ಲೈಬ್ರರಿಗೆ ಎಂದು ಹೇಳಿ ಇಳಿಯುತ್ತಿದ್ದೆ. ಲೈಬ್ರರಿಯಲ್ಲೂ ಗಟ್ಟಿಯಾಗಿ ಓದುವಂತಿಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ.

ನಾನು ಓದುತ್ತಿದ್ದದ್ದು ಕಾರಿನಲ್ಲಿ. ಕಟ್ಟಡದ ಕೆಳಗೆ ಎರಡು ಕಂಬಗಳ ನಡುವೆ ನಮ್ಮ ಜಾಗ. ಹಗಲಲ್ಲೂ ಮಬ್ಬು, ಅದಕ್ಕೆ ಒಳಗಿನ ದೀಪ. ಸೆಖೆ, ಅದಕ್ಕೆ ಫ್ಯಾನು. ಜಲಚರಗಳ ಪಾಠವನ್ನು ಒಬ್ಬನೇ ಕೂತು ಗಟ್ಟಿಯಾಗಿ ಓದುವ ಗಂಡಸನ್ನು ನೆರೆಯವರು ನೋಡಬಾರದಲ್ಲ, ಅದಕ್ಕೆ ಅಕ್ಕ ಬಂದು ಮಲಗಿದ ಮೇಲೆ ಕಾರನ್ನು ತಿರುಗಿಸಿ ಮೂತಿ ಗೋಡೆಗೆ ಮಾಡುತ್ತಿದ್ದೆ. ಊಟದ ಹೊತ್ತಿನ ನನ್ನ ಪಾಠಕ್ಕೂ ಇದಕ್ಕೂ ವಿರೋಧವಿದೆ ಎಂದು ನನಗೆ ಒಂದು ದಿನವೂ ಅನ್ನಿಸಲಿಲ್ಲ. ಆ ನಿಯಮಗಳೆಲ್ಲ ಕಾರು ಓಡಿಸುವವರಿಗೆ. ನಾನು ಓಡಿಸುತ್ತಿರಲಿಲ್ಲ, ಕೂತಿದ್ದೆ ಅಷ್ಟೆ. ಅಂಗಡಿಯವನ ಮಾತು ಕೇಳಿದ ಮೇಲೂ ನಾನು ಮಾಡಿದ ಸುಧಾರಣೆಯೆಂದರೆ ಫ್ಯಾನನ್ನು ಮೂರರಿಂದ ಎರಡಕ್ಕೆ ಇಳಿಸಿದ್ದು. ಒಂದು ಸಣ್ಣ ದೀಪ, ಒಂದು ಬಡಪಾಯಿ ಫ್ಯಾನು ಎಷ್ಟು ತಾನೇ ತಿಂದೀತು.

ಒಂದು ದಿನ ಎಂದಿಗಿಂತ ತಡವಾಗಿ, ಮಧ್ಯಾಹ್ನ ಕಳೆಯುವ ಹೊತ್ತಿಗೆ ಕರಡಿನ ಕಟ್ಟು ಹಿಡಿದು, ಮೊಳೆಯಿಂದ ಕೀ ತೆಗೆದುಕೊಂಡು ಇಳಿದೆ. ಕಾರಿನೊಳಗೆ ಆಗಲೇ ದೀಪ ಉರಿಯುತ್ತಿತ್ತು. ಅಮ್ಮ ಮುಂದಿನ ಸೀಟಿನಲ್ಲಿ ಕಾಲು ಮಡಚಿ ಕೂತು, ಯಾರದೋ ಲಂಗದ ಅಂಚನ್ನು ಕೈಯಲ್ಲಿ ಹೊಲಿಯುತ್ತಿದ್ದಳು. ಎದೆಯ ಮೇಲೆ ಸಾಲಾಗಿ ಗುಂಡುಪಿನ್ನು. ರೇಡಿಯೋದಲ್ಲಿ ಯಾರೋ ಹಾಡುತ್ತಿದ್ದರು. ಕಳೆದುಹೋಗಿದೆ ಎಂದು ನಾವೆಲ್ಲ ನಂಬಿದ್ದ ಇನ್ನೊಂದು ಕೀ ಅದರ ಜಾಗದಲ್ಲಿ ನೇತಾಡುತ್ತಿತ್ತು.

"ತರಕಾರಿಗೆ ಹೋಗ್ತೀನಿ ಅಂದಿದ್ದೆ?"

"ನೀನು ಲೈಬ್ರರಿಗೆ ಅಂದಿದ್ದೆ," ಎಂದಳು ಅಮ್ಮ, ತಲೆಯೆತ್ತದೆ. "ಕೂತ್ಕೊ. ಬಾಗಿಲು ಹಾಕ್ಕೊ, ಗಾಳಿ ಹೋಗತ್ತೆ."

ಸ್ಟೀರಿಂಗ್ ಹಿಂದೆ ಕೂತೆ. ಸಿಟ್ಟು ಬಂದಿತ್ತು, ಆದರೆ ಯಾವ ಮುಖ ಇಟ್ಟುಕೊಂಡು ಅದನ್ನು ತೋರಿಸುವುದು ಎಂದು ತಿಳಿಯಲಿಲ್ಲ.

"ದಿನಾ ಬರ್ತೀಯಾ?"

"ನೀನು ಎದ್ದು ಹೋದ್ಮೇಲೆ. ಸೀಟು ಬೆಚ್ಚಗಿರತ್ತೆ."

ಅಂದರೆ ಅವಳಿಗೆ ಗೊತ್ತಿತ್ತು. ವಿಚಾರಣೆಯ ದಿನ ನನ್ನ ಎದುರು ಕೂತು, ಗಂಭೀರವಾಗಿ ತಲೆಯಾಡಿಸುತ್ತ ಕೇಳಿಸಿಕೊಂಡವಳು.

ಅಷ್ಟರಲ್ಲಿ ಹಿಂದಿನ ಬಾಗಿಲು ತೆರೆಯಿತು. ಅಪ್ಪ. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ತಲೆದಿಂಬು. ನಮ್ಮಿಬ್ಬರನ್ನೂ ನೋಡಿ ಅವರು ಕ್ಷಣಕಾಲ ಗೋಡೆಯನ್ನು ನೋಡಿದರು.

"ಮೊಳೆಯಲ್ಲಿ ಕೀ ಇರ್ಲಿಲ್ಲ. ಕಾರಿಗೆ ಕಳ್ಳ ಬಿದ್ದಿದಾನೆ ಅಂತ ಬಂದೆ."

"ತಲೆದಿಂಬು ಯಾಕಪ್ಪಾ?"

"ಹೊಡೆಯೋಕೆ."

ಅಮ್ಮ ಸೂಜಿ ಕೆಳಗಿಟ್ಟು ನಗಲು ಶುರು ಮಾಡಿದಳು. ಅಪ್ಪ ಒಳಗೆ ಕೂತು ಬಾಗಿಲು ಎಳೆದುಕೊಂಡು ಒಪ್ಪಿಕೊಂಡರು: ನಾವಿಬ್ಬರೂ ಹೋದ ಮೇಲೆ ಅವರ ಪಾಳಿ. ಹಳೆಯ ಸ್ನೇಹಿತರ ಜೊತೆ ಫೋನಿನಲ್ಲಿ ಮಾತು, ಫೋನಿಗೆ ಕಾರಿನಿಂದಲೇ ಚಾರ್ಜು, ಆಮೇಲೊಂದು ನಿದ್ದೆ. ಯಾರು ಹೆಚ್ಚು ಬ್ಯಾಟರಿ ತಿಂದವರು ಎಂಬ ಜಗಳ ಹತ್ತಿಕೊಂಡಿತು. ಅದು ಬೆಳೆದು ಎಲ್ಲೆಲ್ಲಿಗೋ ಹೋಯಿತು: ಅಪ್ಪನ ಮೊಣಕಾಲು ನೋವು, ಅಮ್ಮನ ಹತ್ತಿರ ಮೂರು ಸಲ ಲಂಗ ಬಿಚ್ಚಿಸಿದ ಗಿರಾಕಿ, ನನ್ನ ಕರಡಿನಲ್ಲಿ ಮರ ಹತ್ತಿದ್ದ ಆಮೆ. ತಿಂಗಳುಗಳಿಂದ ನಾವು ಮೂವರೂ ಒಟ್ಟಿಗೆ ಜೋರಾಗಿ ಮಾತಾಡಿರಲಿಲ್ಲ. ಫ್ಯಾನು ಮತ್ತೆ ಮೂರಕ್ಕೆ ಏರಿತ್ತು, ಏರಿಸಿದವನು ನಾನೇ.

ಹಾಡು ನಡುವಲ್ಲೇ ನಿಂತುಹೋಯಿತು. ದೀಪ ಕೆಂಪಗಾಗಿ ಮಂಕಾಯಿತು.

ನನ್ನ ಪಕ್ಕದ ಬಾಗಿಲನ್ನು ಅಕ್ಕ ತೆರೆದಳು. ಸಮವಸ್ತ್ರದಲ್ಲಿದ್ದಳು, ಕೂದಲು ಕಟ್ಟಿಯಾಗಿತ್ತು.

"ಸಭೆ ಮುಗೀತಾ?"

ನಾನು ಇಳಿದೆ. ಅವಳು ಕೂತು ಕೀ ತಿರುಗಿಸಿದಳು. ಟಿಕ್, ಟಿಕ್, ಟಿಕ್. ಮತ್ತೆ ತಿರುಗಿಸಿದಳು. ಅದೇ. ಅವಳು ಎರಡೂ ಕೈಗಳನ್ನು ಸ್ಟೀರಿಂಗ್ ಮೇಲಿಟ್ಟು ಎದುರಿನ ಗೋಡೆ ನೋಡುತ್ತ ಕೂತಳು. ಅವಳು ಬೈದಿದ್ದರೆ ನನಗೆ ಎಷ್ಟೋ ಹಿತವಾಗಿರುತ್ತಿತ್ತು.

"ಮೇಷ್ಟ್ರೇ," ಎಂದಳು ಮೆಲ್ಲಗೆ, "ಮೂತಿ ಯಾವ ಕಡೆ ಇರ್ಬೇಕು ಅಂತ ಪಾಠದಲ್ಲಿತ್ತು?"

ಬೇರೆ ಬಾಡಿಗೆಗೆ ಹೊರಟಿದ್ದ ಮೊದಲನೇ ಮಹಡಿಯ ಟ್ಯಾಕ್ಸಿಯವನು ತನ್ನ ಗಾಡಿ ಹತ್ತಿರ ತಂದ. ಅವನ ತಂತಿ ನಮ್ಮ ಕಾರಿನ ಹಿಂಭಾಗದವರೆಗೆ ಧಾರಾಳವಾಗಿ ಬಂತು. ಬ್ಯಾಟರಿ ಇದ್ದದ್ದು ಮುಂಭಾಗದಲ್ಲಿ, ಗೋಡೆಗೆ ಅಂಟಿಕೊಂಡು. ಎರಡೂ ಪಕ್ಕ ಕಂಬ. ಅವನು ನನ್ನನ್ನು ನೋಡಿದ. ನಾನು ಆಕಾಶ ನೋಡೋಣವೆಂದರೆ ಅಲ್ಲಿ ಕಾಂಕ್ರೀಟು.

"ತಳ್ಳಿ," ಎಂದರು ಅಪ್ಪ, ಪಂಪ್‌ಹೌಸಿನ ದನಿಯಲ್ಲಿ. ಮೂರು ಮಹಡಿಯ ಕಿಟಕಿಗಳು ತೆರೆದವು.

ಕಾರಿಗೂ ಗೋಡೆಗೂ ನಡುವೆ ನಾನೊಬ್ಬನೇ ತೂರುವಷ್ಟು ಜಾಗವಿತ್ತು. ಅಲ್ಲಿ ನುಸುಳಿ, ಗೋಡೆಗೆ ಬೆನ್ನು ಕೊಟ್ಟು, ಎರಡೂ ಕಾಲಿನಿಂದ ಒದ್ದೆ. ನೆರೆಯವರು ನೋಡಬಾರದು ಎಂದು ಅಷ್ಟು ಎಚ್ಚರ ವಹಿಸಿದ್ದ ಗಂಡಸನ್ನು ಈಗ ಇಡೀ ಕಟ್ಟಡವೇ ನೋಡುತ್ತಿತ್ತು. ಟ್ಯಾಕ್ಸಿಯವನು, ಅಪ್ಪ, ಅಮ್ಮ ಬದಿಯಿಂದ ಎಳೆದರು. ಕಾರು ಹಿಮ್ಮುಖವಾಗಿ ಉರುಳಿ ಓಣಿಗೆ ಬಂತು, ಅಲ್ಲಿಂದ ಇಳಿಜಾರು. ನಾವು ಹಿಂದಿನಿಂದ ಓಡಿ ತಳ್ಳಿದೆವು. ಅಕ್ಕ ಕ್ಲಚ್ ಬಿಟ್ಟಳು. ಕಾರು ಒಮ್ಮೆ ಬಿಕ್ಕಳಿಸಿ, ಮತ್ತೊಮ್ಮೆ ಬಿಕ್ಕಳಿಸಿ, ಹೊತ್ತಿಕೊಂಡಿತು.

"ಹತ್ತಿ ಎಲ್ರೂ," ಎಂದಳು ಅಕ್ಕ. "ದಾರೀಲಿ ನಿಂತ್ರೆ ತಳ್ಳೋರು ಯಾರು?"

ಅಪ್ಪ ಬನಿಯನ್ನಿನಲ್ಲಿ, ಅಮ್ಮ ಗುಂಡುಪಿನ್ನುಗಳ ಸಮೇತ, ನಾನು ಬೆನ್ನಿಗೆ ಸುಣ್ಣ ಮೆತ್ತಿಕೊಂಡು ಹತ್ತಿದೆವು. ಎಸಿ ಹಾಕುವ ಧೈರ್ಯ ಯಾರಿಗೂ ಇರಲಿಲ್ಲ.

"ಅಲ್ಲ, ಕಾರಲ್ಲಿ ಯಾಕೆ ಕೂರ್ತೀರಿ ನೀವು?" ಅಕ್ಕ ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದಳು.

"ನೀನು ಮಲಗಿರ್ತೀಯಲ್ಲ," ಎಂದಳು ಅಮ್ಮ.

"ಎಲ್ಲಿ ಮಲಗ್ತೀನಿ? ವಾರ್ಡಲ್ಲಿ ಮಿಷನ್ನುಗಳು ಕೂಗ್ತಾನೇ ಇರ್ತವೆ. ಸದ್ದು ನಿಂತ್ರೆ ಏನೋ ಆಯ್ತು ಅಂತ ಲೆಕ್ಕ. ಮನೇಲಿ ನೀವು ಹಾಗೆ ಸುಮ್ನಾದ್ರೆ ನನಗೆ ಗಾಬರಿ ಆಗಿ ಎಚ್ಚರ ಆಗತ್ತೆ."

"ಮೊದಲೇ ಹೇಳಬಾರ್ದಾ?"

"ಅಷ್ಟು ಕಷ್ಟಪಟ್ಟು ಸುಮ್ನಿರ್ತೀರಿ, ಹೇಗೆ ಹೇಳ್ಲಿ?"

ಅಪ್ಪ ಗಂಟಲು ಸರಿಮಾಡಿಕೊಂಡರು. ಕಾರಿನೊಳಗೆ ಅದು ಗುಡುಗಿನಂತೆ ಕೇಳಿಸಿತು.

ಆಸ್ಪತ್ರೆಯ ಬಾಗಿಲಲ್ಲಿ ಹೆಡ್ ನರ್ಸು ನಿಂತಿದ್ದರು. ಒಳಗಿನ ಗೋಡೆ ಗಡಿಯಾರವನ್ನು ಅವರೂ ನೋಡಿದರು, ನಾವೂ ನೋಡಿದೆವು. ದೊಡ್ಡ ಮುಳ್ಳು ಇನ್ನೂ ಹನ್ನೆರಡಕ್ಕೆ ಮುಟ್ಟಿರಲಿಲ್ಲ, ಪಾಳಿ ಶುರುವಾಗಿರಲಿಲ್ಲ. ಅಕ್ಕ ಎಂಜಿನ್ ಆರಿಸದೆ ಇಳಿದಳು.

"ಆಫ್ ಮಾಡ್ಬೇಡ. ಚಾರ್ಜ್ ಆಗೋವರೆಗೂ ಓಡಿಸ್ತಿರು," ಎಂದು ನನಗೆ ಹೇಳಿ ಓಡಿದಳು. ಹೆಡ್ ನರ್ಸು ಅವಳಿಗೆ ದಾರಿ ಬಿಟ್ಟು, ಕಾರಿನೊಳಗಿದ್ದ ನಮ್ಮ ಅವತಾರವನ್ನು ಒಬ್ಬೊಬ್ಬರದಾಗಿ ಪರೀಕ್ಷಿಸಿದರು. ಅಪ್ಪ ತಲೆದಿಂಬನ್ನು ಎದೆಗೆ ಅಡ್ಡ ಹಿಡಿದು ನಮಸ್ಕಾರ ಮಾಡಿದರು.

ನಾನು ಓಡಿಸಿದೆ. ಆಸ್ಪತ್ರೆಯ ಕಾಂಪೌಂಡಿನ ಸುತ್ತ ಒಂದು ರಸ್ತೆಯಿದೆ, ಅದರಲ್ಲೇ ಸುತ್ತಿದೆ. ಎಸಿ ಇಲ್ಲ, ಫ್ಯಾನಿಲ್ಲ, ರೇಡಿಯೋ ಇಲ್ಲ; ಕಿಟಕಿಗಳೆಲ್ಲ ಕೆಳಗೆ. ನಾಳೆಯಿಂದ ಹಗಲಲ್ಲೇ ಮಿಷನ್ ತುಳಿಯುವುದಾಗಿ ಅಮ್ಮ ಹೇಳಿದಳು. ಹಾಗಾದರೆ ತಾನೂ ಮನೆಯಲ್ಲೇ ಫೋನು ಮಾಡುವುದಾಗಿ ಅಪ್ಪ ಹೇಳಿದರು. ಅದರ ಬಗ್ಗೆ ಯೋಚಿಸೋಣ ಎಂದಳು ಅಮ್ಮ.

ಇನ್ನೊಂದು ಸುತ್ತಿಗೆ ಬರುವಾಗ ಎರಡನೇ ಮಹಡಿಯ ಗಾಜಿನ ಹಿಂದೆ ಅಕ್ಕ ಕಂಡಳು. ತೋಳಿನಲ್ಲಿ ಏನೋ ಪುಟ್ಟ ಬಿಳಿ ಗಂಟು. ಅವಳು ನಮ್ಮನ್ನು ನೋಡಿ ಗಂಟನ್ನು ಒಂದಿಷ್ಟು ಮೇಲೆತ್ತಿ ತೋರಿಸಿದಳು, ಆಮೇಲೆ ಇನ್ನೊಂದು ಕೈಯ ಬೆರಳುಗಳಿಂದ, ಹೋಗಿ ಹೋಗಿ ಎಂದು ಸನ್ನೆ ಮಾಡಿದಳು. ಅಪ್ಪ ಅವಳಿಗೆ ಏನೋ ಕೂಗಿ ಹೇಳಲು ಬಾಯಿ ತೆರೆದರು. ಅಮ್ಮ ಹಿಂದೆ ತಿರುಗಿ ಅವರ ಬಾಯಿಯ ಮೇಲೆ ಕೈಯಿಟ್ಟಳು.