ಚಲೋ ಭಾರ

"ಹಿಡೀರಿ, ಹಿಡೀರಿ!" ಎಂದು ನಬೀಸಾಬ ಕೂಗುವಷ್ಟರಲ್ಲಿ ಟ್ರೇಲರಿನ ಮೇಲಿದ್ದ, ಹೆಣ ಒಯ್ಯುವ ಬಿದಿರಿನ ವಿಮಾನ ಎಡಕ್ಕೆ ವಾಲಿತು. ಒಳಗೆ ಕುಳ್ಳಿರಿಸಿದ್ದ ಪರಮೇಶ್ವರಪ್ಪನ ರುಮಾಲು ಮೂಗಿನ ಮೇಲೆ ಜಾರಿತು.

ತನುಜಾ ಓಡಿಹೋಗಿ ಅಪ್ಪನ ರುಮಾಲು ಸರಿಮಾಡಿದಳು. ನಲವತ್ತು ವರ್ಷ ಬಂಕಾಪುರ ಕ್ರಾಸಿನಲ್ಲಿ ಕಂಡವರ ಗಾಡಿಯ ಮೇಲೆ ಭಾರ ಕಟ್ಟಿದವನು ಅವನು. ಚೀಲ, ಮಂಚ, ಮದುವೆಯ ತಿಜೋರಿ, ಒಂದೂ ಜಾರಿದ್ದಿಲ್ಲ. ಈಗ ನೋಡಿದರೆ ಅವನನ್ನು ಕಟ್ಟುವವರಿಗೇ ಬರ ಬಂದಿತ್ತು.

"ಗಂಟು ಹತ್ತು ಹಾಕೀರಿ ಕರಬಸಣ್ಣ, ಬಿಗಿ ಒಂದೂ ಇಲ್ಲ," ಎಂದ ಟ್ರ್ಯಾಕ್ಟರ್ ಹೊಡೆಯುವ ನಬೀಸಾಬ.

"ಅಣ್ಣ ಇದ್ದಾಗ ನಾ ಯಾಕ ಕಲೀಲಿ?" ಎಂದು ಸತ್ತವನ ತಮ್ಮ ಕರಬಸಪ್ಪ ಬೆವರೊರೆಸಿಕೊಂಡ.

ಅಳುತ್ತ ಕೂತಿದ್ದ ತನುಜಾಳ ಅವ್ವ ಸರೋಜವ್ವನಿಗೂ ನಗು ಬಂತು. "ನಿಮ್ಮಣ್ಣ ಎದ್ದು ತಾನ ಕಟ್ಕೋತಾನ ನೋಡು. ತನುಜಾ, ನೀ ಕಟ್ಟವ್ವ."

ತನುಜಾ ಹಗ್ಗದಿಂದ ಹಿಂದೆ ಸರಿದಳು. ಅವಳು ಒಮ್ಮೆ ಕಟ್ಟಿದ್ದ ಮಂಚ ಹಾನಗಲ್ ರಸ್ತೆಯಲ್ಲಿ ಹಾರಿ ಬೇಲಿ ಸೇರಿತ್ತು. ಆಮೇಲೆ ಹಗ್ಗ ಮುಟ್ಟಿದವಳಲ್ಲ. ಮಣ್ಣು ಮಾಡುವ ಹೊಲದ ದಾರಿಯೋ ಬರೀ ತಗ್ಗುದಿಣ್ಣೆ. ನಡುದಾರಿಯಲ್ಲಿ ಅಪ್ಪನೇ ಉರುಳಿದರೆ?

*

ಹೋದ ವರ್ಷ ದಾಂಡೇಲಿಗೆ ಹೊರಟ ಕಾರೊಂದು ಕ್ರಾಸಿನಲ್ಲಿ ನಿಂತಿತ್ತು. ತಲೆಯ ಮೇಲೆ ಹಳದಿ ಪ್ಲಾಸ್ಟಿಕ್ ದೋಣಿ, ಒಬ್ಬನೇ ಕೂತು ಹುಟ್ಟು ಹಾಕುವಂಥದ್ದು. ಗಾಳಿಗೆ ಅದು ನೊಗ ಒಲ್ಲದ ಹೋರಿಯಂತೆ ಕತ್ತು ತಿರುಗಿಸುತ್ತಿತ್ತು. ಗಂಡಹೆಂಡತಿ ಕೆಳಗಿಳಿದು ಮೇಲೆ ನೋಡುತ್ತಿದ್ದರು.

"ನಡ ಅಷ್ಟ ಕಟ್ಟೀರಿ. ಮೂಗು, ಬಾಲ ಯಾರು ಕಟ್ಟಬೇಕ್ರಿ?" ಎಂದು ಅಪ್ಪ, ಅವರು ಕರೆಯುವ ಮೊದಲೇ ಕೆಲಸ ಹಿಡಿದ. ನಡುವಿಗೆ ಎರಡು ಬೆಲ್ಟು, ಮೂಗಿನಿಂದ ಮುಂದಕ್ಕೊಂದು ಹಗ್ಗ, ಬಾಲದಿಂದ ಹಿಂದಕ್ಕೊಂದು. ಬೆಲ್ಟಿಗೆ ಒಂದು ತಿರುವು ಕೊಟ್ಟು, "ಇಲ್ಲಂದ್ರ ಗಾಳಿಗೆ ದಾರಿ ಪೂರ್ತಿ ಗುಂಯ್ ಅಂತೈತಿ," ಎಂದ.

ಕಡೆಗೆ ದೋಣಿಯನ್ನು ಹಿಡಿದು ಜಗ್ಗಿ ಅಲ್ಲಾಡಿಸಿದ. ಇಡೀ ಕಾರು ಅಲ್ಲಾಡಿತು.

"ದೋಣಿ ಅಳ್ಳಾಡಿದ್ರ ಕಟ್ಟಿದ್ದು ಸುಳ್ಳು. ಗಾಡಿ ಅಳ್ಳಾಡಿದ್ರ ಖರೆ. ಆ ಮಂಚ ನೀ ಚಲೋನ ಕಟ್ಟಿದ್ದಿ ತನುಜಾ. ಅಂಜಿ ಅಳ್ಳಾಡಿಸಿ ನೋಡ್ಲಿಲ್ಲ, ಅಷ್ಟ."

ಕಾರಿನವರು ಖುಷಿಯಿಂದ ತಮ್ಮಲ್ಲಿ ಮಿಕ್ಕಿದ್ದ ಎರಡು ನೀಲಿ ಬೆಲ್ಟು ಕೊಟ್ಟುಹೋದರು. ಅಪ್ಪ ಅವನ್ನು ಮನೆಯ ಗೂಟಕ್ಕೆ ತೂಗುಹಾಕಿದ. ಯಾಕೆ ಬಳಸುವುದಿಲ್ಲ ಎಂದು ಕೇಳಿದಾಗಲೆಲ್ಲ ಒಂದೇ ಮಾತು: "ತಡಿ, ಚಲೋ ಭಾರ ಬರ್ಲಿ."

*

ತನುಜಾ ಒಳಗೆ ಹೋಗಿ ಗೂಟದಿಂದ ಬೆಲ್ಟುಗಳನ್ನು ತಂದಳು. ಸೆರಗು ಸಿಕ್ಕಿಸಿ ಟ್ರೇಲರ್ ಹತ್ತಿದಳು. ಕಾಕಾನ ಹತ್ತು ಗಂಟು ಬಿಚ್ಚಿ, ವಿಮಾನದ ನಡುವಿಗೆ ಎರಡೂ ಬೆಲ್ಟು ಎಳೆದು ಒಂದೊಂದು ತಿರುವು ಕೊಟ್ಟಳು. ಮುಂದಕ್ಕೊಂದು ಹಗ್ಗ, ಹಿಂದಕ್ಕೊಂದು. ಕಣ್ಣು ಮಂಜಾಗಿತ್ತು, ಆದರೂ ಕೈಗೆ ಕೆಲಸ ನೆನಪಿತ್ತು.

ಭಜನೆಯವರು ತಾಳ ಎತ್ತಿಕೊಂಡರು. ನಬೀಸಾಬ ಸೀಟು ಹತ್ತಿ, "ಹೊಂಡೂಣೇನವ್ವ?" ಎಂದ.

"ತಡೀರಿ ಚಾಚಾ." ಅವಳು ವಿಮಾನದ ಬಿದಿರನ್ನು ಎರಡೂ ಕೈಯಲ್ಲಿ ಹಿಡಿದಳು.

"ಏ ಹುಡುಗಿ, ಸತ್ತವರನ್ನ ಯಾರರ ಅಳ್ಳಾಡಿಸ್ತಾರೇನು?" ಕರಬಸಪ್ಪ ಗಾಬರಿಯಾದ.

"ಅಪ್ಪನ ಮಾತು ಕಾಕಾ," ಎಂದವಳೇ ತನುಜಾ ಇದ್ದಬದ್ದ ಬಲ ಹಾಕಿ ಜಗ್ಗಿದಳು.

ಟ್ರೇಲರ್ ಅಲ್ಲಾಡಿತು. ಕೊಂಡಿ ಕಿರ್ರೆಂದು ಟ್ರ್ಯಾಕ್ಟರೂ ಅಲ್ಲಾಡಿತು. ಸೀಟಿನ ಮೇಲಿದ್ದ ನಬೀಸಾಬನ ಟೋಪಿ ಮೂಗಿನ ಮೇಲೆ ಜಾರಿತು. ಪರಮೇಶ್ವರಪ್ಪನ ರುಮಾಲು ಮಾತ್ರ ಇದ್ದಲ್ಲೇ ಇತ್ತು.